‘ನಮ್ಮವರು’ ಎಂದರೆ ಯಾರು? ಚೀನಾದ ಗ್ವಾನ್‌ಶಿ ಬಗ್ಗೆ ಒಂದು ಟಿಪ್ಪಣಿ

ಚೀನಾ ಸಮಾಜದ ಪಾಠಕ್ಕೆ ಕೂತವರು ಮೊದಲು ಎಡವುವುದು ‘ಗ್ವಾನ್‌ಶಿ’ ಎಂಬ ಪದದ ಹತ್ತಿರ. ‘ಸಂಬಂಧ’ ಎಂದು ಬರೆದುಕೊಂಡು ಮುಂದೆ ಹೋಗುತ್ತೇವೆ, ಇಲ್ಲವೇ ‘ವಶೀಲಿ’ ಎಂದುಕೊಳ್ಳುತ್ತೇವೆ. ಎರಡೂ ಅರ್ಧ ಸರಿ: ಕೊಡು-ಕೊಳ್ಳುವಿಕೆಯಿಂದ ಬೆಳೆದು, ಬೇಕಾದಾಗ ಕೆಲಸಕ್ಕೂ ಬರುವ ನಂಟು ಅದು. ಸಮಾಜಶಾಸ್ತ್ರಜ್ಞ ಫೇ ಶ್ಯಾವೊಟೋಂಗ್ (1910–2005) ಅವರಿಂದ ಶುರುಮಾಡಿದರೆ ದಾರಿ ಸಲೀಸು.

ಫೇ ಲಂಡನ್ನಿನಲ್ಲಿ ಹೆಸರಾಂತ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯ ಶಿಷ್ಯರಾಗಿದ್ದವರು. 1940ರ ದಶಕದ ಕೊನೆಗೆ ಬರೆದ ಪ್ರಬಂಧಗಳಲ್ಲಿ ಎರಡು ಚಿತ್ರ ಕೊಡುತ್ತಾರೆ. ಪಶ್ಚಿಮದ ಸಮಾಜ ಹುಲ್ಲಿನ ಕಟ್ಟಿನ ಹಾಗೆ: ಎಳೆ ಸೇರಿ ಹಿಡಿ, ಹಿಡಿ ಸೇರಿ ಕಂತೆ. ಯಾವ ಎಳೆ ಯಾವ ಕಂತೆಯದೆಂಬ ಗೊಂದಲವಿಲ್ಲ. ಚೀನಾದ್ದು ನೀರಿಗೆ ಕಲ್ಲೆಸೆದಾಗ ಏಳುವ ಅಲೆಯುಂಗುರ. ಪ್ರತಿಯೊಬ್ಬರೂ ಅವರವರ ಉಂಗುರಗಳ ನಡುವೆ. ದೂರ ಹೋದಷ್ಟೂ ಅಲೆ ತೆಳು. ಇದಕ್ಕೆ ಅವರಿಟ್ಟ ಹೆಸರು ‘ಚಾಶ್ಯು ಗೇಜ್ಯು’. ನನ್ನ ನೋಟ್ಸಿನಲ್ಲಿ ‘ತರತಮದ ವಿನ್ಯಾಸ’ ಎಂದು ಬರೆದುಕೊಂಡಿದ್ದೇನೆ.

ಉಂಗುರಕ್ಕೆ ಕಟ್ಟಿಟ್ಟ ಗಡಿಯಿಲ್ಲ ಎಂಬುದೇ ಇಲ್ಲಿ ಮುಖ್ಯ. ಚೀನೀಯರ ‘ನಮ್ಮ ಮನೆಯವರು’ ಎಂಬ ಮಾತು ಹೆಂಡತಿಯೊಬ್ಬಳಿಗೂ ಸಲ್ಲುತ್ತದೆ, ಬೇಕೆಂದಾಗ ದೂರದವರನ್ನೂ ಒಳಗೆ ಎಳೆದುಕೊಳ್ಳುತ್ತದೆ ಎನ್ನುತ್ತಾರೆ ಫೇ. ನಮಗಿದು ಹೊಸತಲ್ಲ. ಗಂಡನೂ ‘ನಮ್ಮವರು’, ದೆಹಲಿಯ ರೈಲಿನಲ್ಲಿ ಸಿಕ್ಕ ಹಾಸನದವರೂ ‘ನಮ್ಮವರೇ’. ಸುಝೌ ಊರಿನ ಕಾಲುವೆಗಳಿಗೆ ಆಗ ಜನ ಕೊಳಕೆಲ್ಲ ಸುರಿಯುತ್ತಿದ್ದುದನ್ನೂ ಫೇ ಇದೇ ಎಳೆ ಹಿಡಿದು ವಿವರಿಸುತ್ತಾರೆ: ಎಲ್ಲರದೂ ಆದದ್ದು ಯಾರ ಉಂಗುರದೊಳಗೂ ಬರುವುದಿಲ್ಲ.

ಇದು ಬರೀ ಚಿತ್ರವಾಯಿತು, ಸಾಕ್ಷ್ಯ ಎಲ್ಲಿ? ಹೆಯ್‌ಲಾಂಗ್‌ಜಿಯಾಂಗ್ ಪ್ರಾಂತ್ಯದ ಶ್ಯಾಜ್ಯಾ ಹಳ್ಳಿಗೆ ಬನ್ನಿ. 1970ರ ದಶಕದಲ್ಲಿ ಅಲ್ಲಿ ರೈತನಾಗಿ ದುಡಿದಿದ್ದ ಯಾನ್ ಯುನ್‌ಶ್ಯಾಂಗ್, ಆಮೇಲೆ ಮಾನವಶಾಸ್ತ್ರಜ್ಞರಾಗಿ ಮರಳಿ ಬಂದು ಮನೆಮನೆಯ ‘ಲೀದಾನ್’ ಓದಿದರು. ಲೀದಾನ್ ಎಂದರೆ ಮದುವೆ, ಸಾವು ಮುಂತಾದ ಸಂದರ್ಭಗಳಲ್ಲಿ ಯಾರು ಏನು ಕೊಟ್ಟರೆಂದು ಬರೆದಿಡುವ ಪಟ್ಟಿ. ಮದುವೆಮನೆಯಲ್ಲಿ ಕೂತು ಮುಯ್ಯಿ ಬರೆಯುವವರನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಕೊಟ್ಟವರ ಮನೆಯ ಸರದಿ ಬಂದಾಗ ಪಟ್ಟಿ ತೆಗೆದು ನೋಡಿಯೇ ಕೈಗೆ ಹಣ ಬರುವುದು. ಈ ಕೊಡು-ಕೊಳ್ಳುವಿಕೆಯ ನೀತಿಗೆ ‘ರೆನ್‌ಚಿಂಗ್’ ಎನ್ನುತ್ತಾರೆ. ಲೆಕ್ಕ, ದಾಕ್ಷಿಣ್ಯ, ಅಕ್ಕರೆ ಮೂರೂ ಅದರಲ್ಲಿ ಬೆರೆತಿವೆ; ಬೇರೆ ಮಾಡಲು ಹೋಗಬೇಡಿ.

ಯಾನ್ ಅವರ ಅಸಲಿ ಶೋಧ ಮುಂದಿದೆ. ಉಡುಗೊರೆಯ ಬಗ್ಗೆ ಬರೆದ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ ಅವರನ್ನು ಓದಿದವರು, ಕೊಟ್ಟವನು ಮೇಲು, ತೀರಿಸಲಾಗದವನು ಕೀಳು ಎಂದುಕೊಂಡಿರುತ್ತಾರೆ. ಶ್ಯಾಜ್ಯಾದಲ್ಲಿ ಅಧಿಕಾರಸ್ಥರಿಗೆ ಕೆಳಗಿನವರು ಕೊಡುತ್ತಾರೆ, ಮೇಲಿನವರು ತಿರುಗಿ ಕೊಡುವುದಿಲ್ಲ. ಆದರೂ ಅವರ ಮರ್ಯಾದೆ ಕುಂದದು, ಪಡೆದಷ್ಟೂ ದೊಡ್ಡವರು! ನನಗೆ ಈ ಭಾಗ ದಕ್ಕಲು ಎರಡು ಸಲ ಓದಬೇಕಾಯಿತು. ಫೇ ಅವರ ಉಂಗುರಗಳನ್ನು ಹತ್ತಿರ-ದೂರದ ಲೆಕ್ಕವಾಗಿಯಷ್ಟೇ ಓದಬಾರದು, ಮೇಲು-ಕೀಳೂ ಅದರೊಳಗಿದೆ ಎಂದು ಯಾನ್ ಮುಂದೆ ವಾದಿಸಿದ್ದು ಇದೇ ಜಾಡಿನಲ್ಲಿ.

ನೌಕರಿಯ ವಿಷಯಕ್ಕೆ ಸಮಾಜಶಾಸ್ತ್ರಜ್ಞ ಬಿಯಾನ್ ಯಾನ್‌ಜಿಯೆ ಅವರು ತಿಯಾಂಜಿನ್ ನಗರದಲ್ಲಿ ಮಾಡಿದ ಸಮೀಕ್ಷೆ (1988) ನೋಡಿ. ಕೆಲಸ ಸಿಗುವುದು ದೂರದ ಪರಿಚಯಸ್ಥರಿಂದ ಎಂದು ಸಮಾಜಶಾಸ್ತ್ರಜ್ಞ ಗ್ರನೋವೆಟರ್ 1973ರಲ್ಲಿ ಅಮೆರಿಕದ ಸಂದರ್ಭದಲ್ಲಿ ಹೇಳಿದ್ದರು, ಏಕೆಂದರೆ ಹೊಸ ಸುದ್ದಿ ಅವರ ಬಳಿ ಇರುತ್ತದೆ. ತಿಯಾಂಜಿನ್‌ನಲ್ಲಿ ಕೆಲಸ ಹಂಚುತ್ತಿದ್ದುದು ಸರ್ಕಾರ. ಬೇಕಾಗಿದ್ದುದು ಸುದ್ದಿಯಲ್ಲ, ಅಧಿಕಾರಿಯ ಮೇಲೆ ಪ್ರಭಾವ. ಅಂಥ ಉಪಕಾರ ಗುಟ್ಟಾಗಿ ನಡೆಯಬೇಕು, ನಂಬಿಕೆಯಿಲ್ಲದೆ ಆಗದು. ಹಾಗಾಗಿ ಕೈಹಿಡಿದದ್ದು ಹತ್ತಿರದವರು, ಅಥವಾ ಎರಡೂ ಕಡೆಗೆ ಬೇಕಾದ ಒಬ್ಬ ನಡುವಿನವರು.

ಇನ್ನು ಇಂದಿನ ಮಾತು. 2014ರ ಚೀನೀ ಹೊಸವರ್ಷದ ಹೊತ್ತಿಗೆ, ಅಲ್ಲಿನ ಮೆಸೇಜಿಂಗ್ ಆ್ಯಪ್ ವೀಚಾಟ್, ಹಬ್ಬಕ್ಕೆ ಹಣವಿಟ್ಟು ಕೊಡುವ ಕೆಂಪು ಲಕೋಟೆಯನ್ನು ಫೋನಿಗೆ ತಂದಿತು. ಗ್ರೂಪಿಗೆ ಹಾಕಿದ ಮೊತ್ತವನ್ನು ಆ್ಯಪ್ ಹೆಚ್ಚುಕಡಿಮೆ ಮಾಡಿ ಹಂಚುತ್ತದೆ, ಬೇಗ ಒತ್ತಿದವರಿಗೆ ಪಾಲು. ಆಫೀಸಿನ ಗ್ರೂಪಿನಲ್ಲಿ ಯಜಮಾನರೇ ಲಕೋಟೆ ಹಾಕುವುದುಂಟು. ಶ್ಯಾಜ್ಯಾದಲ್ಲಿ ಮೇಲೇರುತ್ತಿದ್ದ ಉಡುಗೊರೆ ಇಲ್ಲಿ ಕೆಳಗಿಳಿಯುತ್ತದೆ. ಕೆಲವೇ ಯುವಾನ್ ಸಿಕ್ಕವರೂ ತಡಮಾಡದೆ ಬರೆಯುವುದು ಒಂದೇ ಸಾಲು: ‘ಶಿಯೆಶಿಯೆ ಲಾವೊಬಾನ್’, ಧನ್ಯವಾದ ಯಜಮಾನರೇ.