ಪರಮವೀರ ಚಕ್ರವೋ ಅಶೋಕ ಚಕ್ರವೋ: ‘ಶತ್ರುವಿನ ಎದುರು’ ಎಂಬ ಮಾತಿನ ತೂಕ

ಓದುಗರ ಪ್ರಶ್ನೆ: ಯಲಹಂಕ ಉಪನಗರದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯಲ್ಲಿ ದಿನವೂ ಓಡಾಡುತ್ತೇನೆ. ಮುಂಬೈ ದಾಳಿಯ ವೇಳೆ ಪ್ರಾಣ ಕೊಟ್ಟ ಅವರಿಗೆ ಅಶೋಕ ಚಕ್ರ ಬಂತು. ಪರಮವೀರ ಚಕ್ರವನ್ನೇಕೆ ಕೊಡಲಿಲ್ಲ? ಅಶೋಕ ಚಕ್ರ ಅದಕ್ಕಿಂತ ಕೆಳಗಿನದೇ?

ಉತ್ತರ: ನವೆಂಬರ್ ಕೊನೆಯ ವಾರದಲ್ಲೂ ಗಣರಾಜ್ಯೋತ್ಸವದ ಆಸುಪಾಸಿನಲ್ಲೂ ಒಬ್ಬರಲ್ಲ ಒಬ್ಬರು ಈ ಪ್ರಶ್ನೆಯನ್ನು ಕೇಳುತ್ತಾರೆ. ನಮ್ಮೂರಿನಲ್ಲಿ ಓದಿ ಬೆಳೆದ ಹುಡುಗನಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೇನೋ ಎಂಬ ಸಣ್ಣ ಕೊರಗು ಬಹುಪಾಲು ಸಲ ಅದರ ಹಿಂದೆ ಇರುತ್ತದೆ. ಆ ಕೊರಗಿಗೆ ಆಧಾರವಿಲ್ಲ. ಅವರು ಹೋರಾಡಿದ ಸಂದರ್ಭಕ್ಕೆ ನಮ್ಮ ದೇಶದಲ್ಲಿರುವ ಅತ್ಯುನ್ನತ ಶೌರ್ಯ ಪ್ರಶಸ್ತಿಯೇ ಅವರಿಗೆ ಸಂದಿದೆ.

ನಮ್ಮ ಶೌರ್ಯ ಪ್ರಶಸ್ತಿಗಳು ಎರಡು ಸಾಲಿನಲ್ಲಿವೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಒಂದು ಸಾಲು. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಇನ್ನೊಂದು. ಮೊದಲ ಸಾಲನ್ನು 1950ರ ಜನವರಿ 26ರಂದು, ಎರಡನೆಯದನ್ನು 1952ರ ಜನವರಿ 4ರಂದು ಸ್ಥಾಪಿಸಿ, ಎರಡನ್ನೂ 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಎರಡನೆಯ ಸಾಲಿಗೆ ಆರಂಭದಲ್ಲಿ ಅಶೋಕ ಚಕ್ರ ಒಂದನೇ ವರ್ಗ, ಎರಡನೇ ವರ್ಗ, ಮೂರನೇ ವರ್ಗ ಎಂದೇ ಹೆಸರಿತ್ತು. ಇಂದಿನ ಹೆಸರುಗಳು ಬಂದದ್ದು 1967ರಲ್ಲಿ. ಪರಮವೀರ ಚಕ್ರ ಮತ್ತು ಅಶೋಕ ಚಕ್ರದ ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಎದ್ದುಕಾಣುವ ಧೈರ್ಯ, ಸಾಹಸ, ಆತ್ಮಾರ್ಪಣೆ ಎಂಬ ಮಾತುಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದು ಕಾಣುತ್ತದೆ. ಬೇರೆಯಾಗುವುದು ಒಂದೇ ಒಂದು ಪದಪುಂಜ: ಮೊದಲನೆಯದರಲ್ಲಿ ‘ಶತ್ರುವಿನ ಸಮ್ಮುಖದಲ್ಲಿ’ ಎಂದಿದೆ, ಎರಡನೆಯದರಲ್ಲಿ ‘ಶತ್ರುವಿನ ಎದುರು ಅಲ್ಲದ ಸಂದರ್ಭದಲ್ಲಿ’ ಎಂದಿದೆ. ಧೈರ್ಯದ ಅಳತೆಗೋಲು ಒಂದೇ. ಎದುರಿಗೆ ಯಾರಿದ್ದರು ಎಂಬುದಷ್ಟೇ ಸಾಲನ್ನು ನಿರ್ಧರಿಸುತ್ತದೆ.

ಇದನ್ನೇ ಪತ್ರಿಕೆಗಳಲ್ಲಿ, ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ‘ಯುದ್ಧಕಾಲದ ಪ್ರಶಸ್ತಿ, ಶಾಂತಿಕಾಲದ ಪ್ರಶಸ್ತಿ’ ಎಂದು ಚಿಕ್ಕದಾಗಿ ಬರೆಯುವುದುಂಟು. ಗೊಂದಲದ ಬೇರು ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರು 1961ರ ಡಿಸೆಂಬರಿನಲ್ಲಿ ಪ್ರಾಣ ಕೊಟ್ಟದ್ದು ಕಾಂಗೋದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾಗವಾಗಿ. ಬಾನಾ ಸಿಂಗ್ ಅವರು 1987ರ ಜೂನ್‌ನಲ್ಲಿ ಸಿಯಾಚಿನ್ ನೀರ್ಗಲ್ಲಿನ ನೆತ್ತಿಯ ಮೇಲಿದ್ದ ಪಾಕಿಸ್ತಾನಿ ಠಾಣೆಯನ್ನು ವಶಪಡಿಸಿಕೊಂಡಾಗ ಎರಡು ದೇಶಗಳ ನಡುವೆ ಘೋಷಿತ ಯುದ್ಧವಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಶ್ರೀಲಂಕಾದಲ್ಲಿ ಎಲ್‌ಟಿಟಿಇ ವಿರುದ್ಧ ಹೋರಾಡುತ್ತಾ ಮಡಿದರು. ಈ ಮೂವರಿಗೂ ಸಂದದ್ದು ಪರಮವೀರ ಚಕ್ರವೇ. 1999ರ ಕಾರ್ಗಿಲ್ ಕೂಡ ಕಾಗದದ ಮೇಲೆ ಘೋಷಿತ ಯುದ್ಧವಲ್ಲ. ಆದರೂ ಅಲ್ಲಿ ನಾಲ್ವರು ಪರಮವೀರ ಚಕ್ರ ಪಡೆದರು. ಹೀಗಾಗಿ ಯುದ್ಧ ಘೋಷಣೆಯಾಗಿತ್ತೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ದೇಶದೊಳಗಿನ ಉಗ್ರರ ವಿರುದ್ಧದ ಕಾರ್ಯಾಚರಣೆಗಳನ್ನು, ಅವರು ಗಡಿಯಾಚೆಯಿಂದ ಬಂದವರೇ ಆಗಿದ್ದರೂ, ‘ಶತ್ರುವಿನ ಸಮ್ಮುಖ’ ಎಂದು ಪರಿಗಣಿಸದಿರುವುದು ನಮ್ಮಲ್ಲಿ ನಡೆದುಬಂದ ರೂಢಿ. ಮೇಜರ್ ಸಂದೀಪ್ ಅವರು ರಾಷ್ಟ್ರೀಯ ಭದ್ರತಾ ದಳದ ಕಮಾಂಡೋಗಳನ್ನು ಮುನ್ನಡೆಸುತ್ತಾ ತಾಜ್ ಹೋಟೆಲನ್ನು ಹೊಕ್ಕು, ಗಾಯಗೊಂಡ ಸಹಯೋಧನನ್ನು ಸುರಕ್ಷಿತವಾಗಿ ಸಾಗಿಸುವ ವ್ಯವಸ್ಥೆ ಮಾಡಿ, ಉಗ್ರರನ್ನು ಬೆನ್ನಟ್ಟಿ 2008ರ ನವೆಂಬರ್ 28ರಂದು ಹುತಾತ್ಮರಾದರು. ಅದಕ್ಕೂ ಮುಂಚೆ, 2007ರ ಜುಲೈ 31ರಂದು, ಬೆಂಗಳೂರಿನವರೇ ಆದ ಕರ್ನಲ್ ವಸಂತ್ ವೇಣುಗೋಪಾಲ್ ಉರಿ ವಲಯದಲ್ಲಿ ನುಸುಳುಕೋರರನ್ನು ತಡೆಯುತ್ತಾ ಮಡಿದಾಗಲೂ ಮರಣೋತ್ತರವಾಗಿ ಸಂದದ್ದು ಅಶೋಕ ಚಕ್ರವೇ. ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಇನ್ನೊಂದು ಜೋಡಿಯಿಂದ ಇನ್ನೂ ಸ್ಪಷ್ಟವಾಗುತ್ತದೆ. 2016ರಲ್ಲಿ ನಿಯಂತ್ರಣ ರೇಖೆಯನ್ನು ದಾಟಿ ಉಗ್ರರ ನೆಲೆಗಳ ಮೇಲೆ ನಡೆಸಿದ ನಿರ್ದಿಷ್ಟ ದಾಳಿಗಾಗಿ ಮೇಜರ್ ರೋಹಿತ್ ಸೂರಿ ಅವರಿಗೆ ಎರಡನೆಯ ಸಾಲಿನ ಕೀರ್ತಿ ಚಕ್ರ ಬಂತು. 2019ರಲ್ಲಿ ಪಾಕಿಸ್ತಾನದ ವಾಯುಪಡೆಯೊಂದಿಗೆ ಆಕಾಶದಲ್ಲಿ ಸೆಣಸಿದ ಅಭಿನಂದನ್ ವರ್ಧಮಾನ್ ಅವರಿಗೆ ಮೊದಲ ಸಾಲಿನ ವೀರ ಚಕ್ರ ಬಂತು. ಗಡಿ ದಾಟಿದ್ದು ಮುಖ್ಯವಾಗಲಿಲ್ಲ, ಎದುರಿಗಿದ್ದುದು ಇನ್ನೊಂದು ದೇಶದ ಸೇನೆಯೇ ಎಂಬುದು ಮುಖ್ಯವಾಯಿತು. ಎಲ್‌ಟಿಟಿಇ ಯಾವ ದೇಶದ ಸೇನೆಯೂ ಆಗಿರಲಿಲ್ಲವಲ್ಲ ಎಂದು ನೀವು ಕೇಳಬಹುದು, ಕೇಳಲೂಬೇಕು. ಯಾರನ್ನು ಶತ್ರು ಎಂದು ಕರೆಯಬೇಕೆಂಬುದು ಕೊನೆಗೂ ಸರ್ಕಾರದ ನಿರ್ಧಾರವೇ ಹೊರತು ವ್ಯಾಕರಣದ ನಿಯಮವಲ್ಲ.

ಈ ವಿಂಗಡಣೆ ಸ್ವತಂತ್ರ ಭಾರತ ಹೊಸದಾಗಿ ಕಂಡುಹಿಡಿದದ್ದಲ್ಲ. ಬ್ರಿಟಿಷರಲ್ಲಿ ಶತ್ರುವಿನ ಎದುರಿನ ಶೌರ್ಯಕ್ಕೆ 1856ರಿಂದ ವಿಕ್ಟೋರಿಯಾ ಕ್ರಾಸ್ ಇತ್ತು, ಶತ್ರು ಎದುರಿಲ್ಲದ ಸಂದರ್ಭದ ಶೌರ್ಯಕ್ಕೆ 1940ರಲ್ಲಿ ಅದರ ಜೊತೆಗೆ ಜಾರ್ಜ್ ಕ್ರಾಸ್ ಬಂತು. ಈ ಎರಡನೆಯದರ ಕಥೆ ನಮ್ಮ ಹಲಸೂರಿಗೆ ಹತ್ತಿರದ್ದು. ಕೆರೆಯ ದಂಡೆಯಲ್ಲಿ ನೆಲೆಯಿರುವ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ಪಡೆಯ ಸುಬೇದಾರ್ ಸುಬ್ರಮಣಿಯನ್, ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಮಿನ್ಯಾನೊ ಎಂಬಲ್ಲಿ ನೆಲಬಾಂಬುಗಳನ್ನು ತೆಗೆಯುವ ಕೆಲಸದಲ್ಲಿದ್ದರು. 1944ರ ಫೆಬ್ರವರಿ 24ರಂದು ಜೊತೆಯವನೊಬ್ಬ ಹೂತಿಟ್ಟ ಬಾಂಬಿನ ಮೇಲೆ ಕಾಲಿಟ್ಟ. ಅದು ಸಿಡಿಯುವ ಮೊದಲು ಸಿಕ್ಕ ಕ್ಷಣದಲ್ಲಿ ಸುಬೇದಾರರು ತಮ್ಮ ಮೈಯನ್ನೇ ಅದರ ಮೇಲೆ ಚೆಲ್ಲಿ, ಸುತ್ತಲಿದ್ದವರನ್ನು ಉಳಿಸಿ, ತಾವು ಹೋದರು. ಬಾಂಬನ್ನು ಹೂತಿಟ್ಟದ್ದು ಶತ್ರುವೇ, ನಡೆಯುತ್ತಿದ್ದುದು ಮಹಾಯುದ್ಧವೇ. ಆದರೂ ಆ ಗಳಿಗೆಯಲ್ಲಿ ಶತ್ರು ಕಣ್ಣೆದುರು ಇರಲಿಲ್ಲವಾದ್ದರಿಂದ ಅವರಿಗೆ ಸಂದದ್ದು ಜಾರ್ಜ್ ಕ್ರಾಸ್. ಅದನ್ನು ಪಡೆದ ಮೊದಲ ಭಾರತೀಯರು ಅವರು. ಅವರ ತ್ಯಾಗ ಯಾವುದಕ್ಕಿಂತ ಕಡಿಮೆ ಎಂದು ಹಲಸೂರಿನ ಯಾವ ಸೈನಿಕನೂ ಹೇಳಲಾರ.

ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಹತ್ತನೆಯ ಶತಮಾನದ ಆತಕೂರು ಶಾಸನದ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನೆಂಬ ವೀರನು ಬಹುಮಾನವಾಗಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ಕಲ್ಲು ನಿಂತದ್ದು ನಾಯಿಯ ನೆನಪಿಗೆ. ಶತ್ರುಸೇನೆಯ ಎದುರಿನ ಶೌರ್ಯಕ್ಕೊಂದು, ಬೇರೆ ಬಗೆಯ ಶೌರ್ಯಕ್ಕೊಂದು ಎಂದು ಎರಡು ಮನ್ನಣೆಗಳು ಒಂದೇ ಕಲ್ಲಿನಲ್ಲಿ ಸೇರಿರುವುದನ್ನು ನೋಡಿದಾಗೆಲ್ಲ ನನಗೆ ಈ ಎರಡು ಸಾಲುಗಳ ನೆನಪಾಗುತ್ತದೆ.

ಶತ್ರುವಿನ ಷರತ್ತು ಇಲ್ಲದಿರುವುದರಿಂದ ಎರಡನೆಯ ಸಾಲಿನ ಬಾಗಿಲು ಅಗಲವಾಗಿದೆ, ಸೇನೆಯೊಂದಿಗೆ ಸಂಬಂಧವಿಲ್ಲದ ನಾಗರಿಕರಿಗೂ ಅದು ತೆರೆದಿದೆ. 1986ರಲ್ಲಿ ಕರಾಚಿಯಲ್ಲಿ ಅಪಹೃತ ವಿಮಾನದ ಪ್ರಯಾಣಿಕರನ್ನು ಪಾರುಮಾಡುತ್ತಾ ಮಡಿದ ಗಗನಸಖಿ ನೀರಜಾ ಭಾನೋಟ್ ಅವರಿಗೆ ಅಶೋಕ ಚಕ್ರ ಸಂದಿತು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ರಾಕೇಶ್ ಶರ್ಮಾ ಅವರಿಗೂ, ಅವರ ಜೊತೆಗಿದ್ದ ಇಬ್ಬರು ಸೋವಿಯತ್ ಗಗನಯಾತ್ರಿಗಳಿಗೂ ಅದೇ ಸಂದಿತು.

ಸಾಲು ಯಾವುದೆಂದು ತೀರ್ಮಾನವಾದ ಮೇಲೆ ಮೆಟ್ಟಿಲು ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಕಣ್ಣಾರೆ ಕಂಡವರ ಸಾಕ್ಷ್ಯಕ್ಕೆ ದೊಡ್ಡ ಪಾತ್ರವಿದೆ, ಸಾಕ್ಷಿಯಿಲ್ಲದ ಶೌರ್ಯ ವರ್ಷಗಟ್ಟಲೆ ಕತ್ತಲಲ್ಲಿ ಉಳಿಯುವುದೂ ಉಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಹಿಂದಿರುಗಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಅವರು ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಹೊಡೆದುರುಳಿಸಿದ್ದನ್ನು ನಮ್ಮ ಕಡೆಯವರು ಯಾರೂ ಕಂಡಿರಲಿಲ್ಲ. ಎದುರಾಳಿಗಳ ಕಡೆಯ ವಿವರಗಳಿಂದಲೇ ಆ ಸಂಗತಿ ಹೊರಬಂದು, ಮಹಾವೀರ ಚಕ್ರ ಅವರ ಮನೆಗೆ ತಲುಪಿದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ಪದಕಗಳನ್ನು ಧರಿಸುವ ಅಧಿಕೃತ ಕ್ರಮದಲ್ಲಿ ಭಾರತ ರತ್ನದ ನಂತರ ಪರಮವೀರ ಚಕ್ರ, ಅದರ ಬೆನ್ನಿಗೇ ಅಶೋಕ ಚಕ್ರ ಬರುತ್ತದೆ. ಪದ್ಮವಿಭೂಷಣದ ಸ್ಥಾನ ಇವೆರಡರ ನಂತರವೇ. ಮಹಾವೀರದ ಹಿಂದೆ ಕೀರ್ತಿ, ವೀರ ಚಕ್ರದ ಹಿಂದೆ ಶೌರ್ಯ ಚಕ್ರ ಹೀಗೆಯೇ ಜೋಡಿಯಾಗಿ ನಿಲ್ಲುತ್ತವೆ. ಕೆಳಗಿನದೇ ಎಂದರೆ ಒಂದೇ ಒಂದು ಹೆಜ್ಜೆ ಕೆಳಗಿನದು, ಅಷ್ಟೆ. ಇನ್ನೊಂದು ಮಾತು: ಇವನ್ನು ಪಡೆದವರನ್ನು ಅಥವಾ ಮರಣೋತ್ತರವಾಗಿ ಗೌರವಿಸಲ್ಪಟ್ಟವರನ್ನು ‘ಪ್ರಶಸ್ತಿ ವಿಜೇತರು’ ಎಂದು ಬರೆಯದಿರುವುದು ಲೇಸು. ಇದೇನು ಪಂದ್ಯವಲ್ಲ, ‘ಪುರಸ್ಕೃತರು’ ಎಂಬ ಪದ ನಮ್ಮಲ್ಲಿ ಇದ್ದೇ ಇದೆ.

ಲೋಹವನ್ನು ನೋಡಿ ಮಾತ್ರ ಸ್ಥಾನವನ್ನು ಊಹಿಸಬೇಡಿ. ಎಲ್ಲಕ್ಕಿಂತ ಮೇಲಿನ ಪರಮವೀರ ಚಕ್ರ ಕಂಚಿನದು, ಅಶೋಕ ಚಕ್ರಕ್ಕೆ ಚಿನ್ನದ ಲೇಪವಿದೆ. ಪರಮವೀರ ಚಕ್ರವನ್ನು ವಿನ್ಯಾಸಗೊಳಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆದ ಸಾವಿತ್ರಿ ಖಾನೋಲ್ಕರ್. ನಡುವೆ ರಾಷ್ಟ್ರಲಾಂಛನ, ಸುತ್ತಲೂ ಇಂದ್ರನ ನಾಲ್ಕು ವಜ್ರಾಯುಧಗಳು, ಮೇಲೆ ಯಾವ ಗೆರೆಯೂ ಇಲ್ಲದ ನೇರಳೆ ರಿಬ್ಬನ್. ಇದುವರೆಗೆ ಅದನ್ನು ಪಡೆದವರು 21 ಮಂದಿ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ ಸಂದಿದೆ. ಸೈನಿಕರು ದಿನನಿತ್ಯ ಎದೆಯ ಮೇಲೆ ಧರಿಸುವುದು ಪದಕವನ್ನಲ್ಲ, ರಿಬ್ಬನ್ನಿನ ತುಂಡನ್ನು. ಹಲಸೂರಿನ ಬೀದಿಯಲ್ಲೋ ಯಲಹಂಕದ ಬಸ್ ನಿಲ್ದಾಣದಲ್ಲೋ ಸಮವಸ್ತ್ರದವರೊಬ್ಬರ ಎದೆಯ ಮೇಲೆ ಕಡುಹಸಿರು ಪಟ್ಟಿಯ ನಡುವೆ ಕೇಸರಿ ಗೆರೆಗಳು ಕಂಡರೆ ಎಣಿಸಿ ನೋಡಿ: ಮೂರಿದ್ದರೆ ಶೌರ್ಯ ಚಕ್ರ, ಎರಡಿದ್ದರೆ ಕೀರ್ತಿ ಚಕ್ರ, ಒಂದೇ ಇದ್ದರೆ ಅಶೋಕ ಚಕ್ರ.