ಚಪ್ಪಲಿ ಹೊಲಿಯುವವನು ರಾಜ್ಯದ ಮಾತು ಆಡಬಹುದಾ?

ಗ್ರೀಕ್ ತತ್ವಜ್ಞಾನಿ ಪ್ಲೇಟೋ ಏನು ಹೇಳಿದ ಅಂತ ನಾವೆಲ್ಲ ಉರು ಹೊಡೆಯುತ್ತೇವೆ. ಅವನ ಜಗಳ ಯಾರ ಜೊತೆ ಅಂತ ಕೇಳುವುದಿಲ್ಲ. ನಾನೂ ಮೊದಲ ಸಲ ಪರೀಕ್ಷೆಯಲ್ಲಿ ‘ತತ್ವಜ್ಞಾನಿಯೇ ರಾಜನಾಗಬೇಕು’ ಅಂತ ಸುಮ್ನೆ ಬರೆದು ಬಂದಿದ್ದೆ. ಈ ಸಲ ಸಾಲದಿಂದ ಶುರು ಮಾಡೋಣ.

ಕ್ರಿ.ಪೂ. 594. ಗ್ರೀಸಿನ ನಗರರಾಜ್ಯ ಅಥೆನ್ಸಿನ ಬಡ ರೈತರು ತಮ್ಮ ಮೈಯನ್ನೇ ಅಡವಿಟ್ಟು ಸಾಲ ಎತ್ತುತ್ತಿದ್ದರು. ತೀರಿಸಲಾಗದವನು ಗುಲಾಮ. ಕೆಲವರನ್ನು ಪರದೇಶಕ್ಕೂ ಮಾರಿದ್ದರು. ಆಗ ಅಧಿಕಾರದಲ್ಲಿದ್ದ ಸೋಲನ್ ಆ ಸಾಲಗಳನ್ನು ರದ್ದು ಮಾಡಿ, ಮುಂದೆ ಯಾರೂ ಮೈ ಅಡವಿಡುವಂತಿಲ್ಲ ಅಂತ ಕಾನೂನು ತಂದ. ಹೊಲದಲ್ಲಿ ಸಾಲದ ಗುರುತಿಗೆ ನೆಟ್ಟಿದ್ದ ಕಲ್ಲುಗಳನ್ನು ಕಿತ್ತು ಹಾಕಿದೆ ಅಂತ ತನ್ನ ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಜಮೀನು ಹಂಚಲಿಲ್ಲ. ದೊಡ್ಡ ಹುದ್ದೆಗಳು ಆಸ್ತಿ ಇದ್ದವರಿಗೇ ಉಳಿದವು.

ಮುಂದೆ ಕ್ಲೈಸ್ತೆನೀಸ್ ಅನ್ನುವ ನಾಯಕ ಬಂದ, 500 ಜನರ ಮಂಡಳಿ ಬಂತು. ಆಮೇಲಿನ ನಾಯಕ ಪೆರಿಕ್ಲೀಸ್ ಕಾಲಕ್ಕೆ ನ್ಯಾಯಸಭೆಯಲ್ಲಿ ಕೂರುವವರಿಗೆ ದಿನಗೂಲಿಯೂ ಸಿಕ್ಕಿತು. ದುಡಿದು ತಿನ್ನುವವನು ಪೌರನೂ ಆದ. ಇದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಮಾತ್ರ ಲೆಕ್ಕಕ್ಕೇ ಇಲ್ಲ. ಲಾರಿಯನ್ ಬೆಳ್ಳಿ ಗಣಿಯಲ್ಲಿ ಸಾಯುತ್ತಿದ್ದವರು ಗುಲಾಮರೇ.

ಅಥೆನ್ಸಿನ ಅಗೋರಾ ಅಂದರೆ ಪೇಟೆ ಚೌಕ. ಅದರ ಮೂಲೆಯಲ್ಲಿ ಅಗೆದಾಗ ಒಂದು ಮನೆಯಲ್ಲಿ ಕಬ್ಬಿಣದ ಸಣ್ಣ ಮೊಳೆಗಳು, ಮೂಳೆಯ ಉಂಗುರಗಳು ಸಿಕ್ಕವು. ಎರಡೂ ಚಪ್ಪಲಿ ಕೆಲಸದವು. ಒಡೆದ ಬಟ್ಟಲಿನ ಬುಡದಲ್ಲಿ ‘ಸೈಮನ್‌ನದು’ ಅಂತ ಗೀಚಿತ್ತು. ಪ್ಲೇಟೋನ ಗುರು ಸಾಕ್ರಟೀಸ್ ಸೈಮನ್ ಎಂಬ ಚಪ್ಪಲಿ ಹೊಲಿಯುವವನ ಅಂಗಡಿಗೆ ಹೋಗಿ ಹರಟುತ್ತಿದ್ದ ಅಂತ ಹಳೆಯ ಕಥೆಯೂ ಇದೆ.

ಇದನ್ನು ತಲೆಯಲ್ಲಿಟ್ಟುಕೊಂಡು ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಸಂವಾದ ಓದಿ. ಪ್ರೊಟಾಗೊರಸ್ ಅಂದರೆ ದುಡ್ಡು ತಗೊಂಡು ಪಾಠ ಹೇಳುತ್ತಿದ್ದ ಪಂಡಿತ. ಸಾಕ್ರಟೀಸ್ ಕೇಳುತ್ತಾನೆ: ಹಡಗು ಕಟ್ಟುವ ವಿಷಯ ಬಂದರೆ ಪೌರರ ಸಭೆ ಹಡಗು ಕಟ್ಟುವವರ ಮಾತು ಮಾತ್ರ ಕೇಳುತ್ತೆ. ರಾಜ್ಯದ ವಿಷಯಕ್ಕೆ ಮಾತ್ರ ಬಡಗಿ, ಕಮ್ಮಾರ, ಚಪ್ಪಲಿ ಹೊಲಿಯುವವನು ಎಲ್ಲರೂ ಎದ್ದು ಮಾತಾಡುತ್ತಾರಲ್ಲ, ಯಾಕೆ? ಪ್ರೊಟಾಗೊರಸ್ ಉತ್ತರ: ನ್ಯಾಯಬುದ್ಧಿ ಎಲ್ಲರಿಗೂ ಪಾಲು ಸಿಕ್ಕಿದೆ, ಇಲ್ಲದಿದ್ದರೆ ಊರೇ ನಿಲ್ಲುತ್ತಿರಲಿಲ್ಲ. ನನ್ನ ಪ್ರಕಾರ ಪರೀಕ್ಷೆಗೆ ಇದೊಂದು ಜಾಗ ಚೆನ್ನಾಗಿ ಓದಿದರೆ ಅರ್ಧ ಕೆಲಸ ಮುಗೀತು.

ಪ್ಲೇಟೋ ದೊಡ್ಡ ಮನೆತನದವನು. ಕ್ರಿ.ಪೂ. 404ರಲ್ಲಿ ಪ್ರಜಾಪ್ರಭುತ್ವ ಕಿತ್ತುಹಾಕಿದ ಮೂವತ್ತು ಜನರಲ್ಲಿ ಅವನ ತಾಯಿಯ ಕಡೆಯ ನೆಂಟ ಕ್ರಿಟಿಯಸ್ ಇದ್ದ. 399ರಲ್ಲಿ ಗುರು ಸಾಕ್ರಟೀಸ್‌ಗೆ ವಿಷ ಕುಡಿಸಿದ್ದು ಮತ್ತೆ ಬಂದ ಪ್ರಜಾಪ್ರಭುತ್ವವೇ. ಹಾಗಾಗಿ ತನ್ನ ‘ರಿಪಬ್ಲಿಕ್’ ಪುಸ್ತಕದಲ್ಲಿ ‘ಒಬ್ಬನಿಗೆ ಒಂದೇ ಕೆಲಸ’ ಅಂದಾಗ ಅದು ಸೈಮನ್‌ನಂಥವರಿಗೆ ಕೊಟ್ಟ ಉತ್ತರ: ನೀನು ಚಪ್ಪಲಿ ಹೊಲಿ, ಆಳುವುದು ಬೇರೆಯವರ ಕೆಲಸ.

ಅಲ್ಲಿ ಬರುವ ಹಡಗಿನ ಹೋಲಿಕೆಯೂ ಹಾಗೇ. ಹಡಗಿನ ಒಡೆಯ ಅಂದರೆ ಜನ, ಚುಕ್ಕಾಣಿಗಾಗಿ ಕಿತ್ತಾಡುವ ನಾವಿಕರು ಅಂದರೆ ಜನರನ್ನು ಓಲೈಸುವ ನಾಯಕರು. ಆದರೆ 480ರಲ್ಲಿ ಸಲಾಮಿಸ್ ಹತ್ತಿರ ಪರ್ಷಿಯನ್ನರನ್ನು ಸೋಲಿಸಿದ ಹಡಗುಗಳಲ್ಲಿ ಒಂದೊಂದಕ್ಕೂ 170 ಜನ ಹುಟ್ಟು ಹಾಕುತ್ತಿದ್ದರು. ಅವರಲ್ಲಿ ಬಡ ಪೌರರೇ ಜಾಸ್ತಿ. ಆ ಊರಿನಲ್ಲಿ ಹಡಗಿನ ಹೋಲಿಕೆ ಯಾರನ್ನು ಚುಚ್ಚುತ್ತೆ ಅಂತ ಕೇಳಿದವರಿಗೆ ಗೊತ್ತಾಗದೆ ಇರುತ್ತಾ?

ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಇನ್ನೂ ನೇರ. ಒಳ್ಳೆಯ ರಾಜ್ಯದಲ್ಲಿ ಕೈಕೆಲಸದವನು ಪೌರನಾಗಬಾರದು ಅಂದ. ತಮಾಷೆ ನೋಡಿ, ಅವನು ಸ್ಟಗೈರಾ ಅನ್ನುವ ಬೇರೆ ಊರಿನಿಂದ ಬಂದವನು. ಅಥೆನ್ಸಿನ ಸಭೆಯಲ್ಲಿ ಅವನಿಗೇ ಓಟು ಇರಲಿಲ್ಲ.