ಮುಂದೆ ಮಾಂಸದ ತೊಡೆ, ಹಿಂದೆ ಕ್ರಿಸ್ತ: ಫ್ಲೆಮಿಶ್ ಅಡುಗೆಮನೆ ಚಿತ್ರಗಳನ್ನು ಓದುವ ಬಗೆ

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಡುಗೆಮನೆ ಚಿತ್ರ ಎಂದೊಡನೆ ಹಲವರಿಗೆ ನೆನಪಾಗುವುದು ಚಿತ್ರಕಾರ ವರ್ಮೀರನ ಹಾಲು ಸುರಿಯುವ ಹೆಣ್ಣಾಳು. ಅದು 1660ರ ಸುಮಾರಿನ ಡಚ್ ಚಿತ್ರ. ನಮ್ಮ ವಿಷಯವಾದ ಫ್ಲೆಮಿಶ್, ಅಂದರೆ ಇಂದಿನ ಬೆಲ್ಜಿಯಂನ ಉತ್ತರ ಭಾಗದ, ಅಡುಗೆಮನೆ ಚಿತ್ರಗಳು ಹುಟ್ಟಿದ್ದು ಅದಕ್ಕೂ ನೂರು ವರ್ಷ ಹಿಂದೆ, ಆಂಟ್‌ವರ್ಪ್ ಎಂಬ ಬಂದರು ನಗರದಲ್ಲಿ. ಇಲ್ಲಿ ಮರೆಯಬಾರದ ಹೆಸರುಗಳು ಎರಡು: ಪೀಟರ್ ಆರ್ಟ್ಸೆನ್ ಮತ್ತು ಅವನ ಬಳಿ ಕೆಲಸ ಕಲಿತ ಯೋಆಕಿಮ್ ಬೂಕೆಲಾರ್.

ಆರ್ಟ್ಸೆನ್ 1552ರಲ್ಲಿ ಬರೆದ ಚಿತ್ರವೊಂದು ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿದೆ. ಅದನ್ನು ಆತುರಪಡದೆ ನೋಡಿ. ಕಣ್ಣಿಗೆ ಮೊದಲು ರಾಚುವುದು ಹಸಿ ಮಾಂಸದ ದೊಡ್ಡ ತೊಡೆ. ಪಕ್ಕದಲ್ಲಿ ಹುದುಗು ಹಿಟ್ಟಿನ ಮುದ್ದೆ, ಅದಕ್ಕೆ ಸಿಕ್ಕಿಸಿದ ಒಂದು ಕಾರ್ನೇಷನ್ ಹೂ. ಮಡಿಸಿಟ್ಟ ಬಿಳಿ ಬಟ್ಟೆ, ಹೂದಾನಿ. ಮುಂಭಾಗದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಮನುಷ್ಯರೆಲ್ಲ ಹಿಂದಿನ ಕೋಣೆಯಲ್ಲಿ, ಬೆರಳುದ್ದಕ್ಕೆ ಕುಗ್ಗಿ, ಬೆಂಕಿಗೂಡಿನ ಬಳಿ ಸೇರಿದ್ದಾರೆ. ಅಲ್ಲಿರುವವನು ಕ್ರಿಸ್ತ. ಅವನ ಪಾದದ ಬಳಿ ಮಾತು ಕೇಳುತ್ತ ಕುಳಿತವಳು ಮರಿಯ. ಮನೆಗೆಲಸದ ಹೊರೆ ಹೊತ್ತವಳು ಅಕ್ಕ ಮಾರ್ಥ. ಲೂಕನ ಸುವಾರ್ತೆಯ 10ನೇ ಅಧ್ಯಾಯದ ಈ ಕಥೆಯಲ್ಲಿ ಒಳ್ಳೆಯ ಪಾಲನ್ನು ಆರಿಸಿಕೊಂಡವಳು ಮರಿಯ ಎನ್ನುತ್ತಾನೆ ಕ್ರಿಸ್ತ. ಆ ಮಾತನ್ನೇ ಚಿತ್ರಕಾರ ಬೆಂಕಿಗೂಡಿನ ಮೇಲೆ ತನ್ನ ಜನರ ನುಡಿಯಲ್ಲಿ ಬರೆದಿಟ್ಟಿದ್ದಾನೆ.

ಮುಖ್ಯವಾದದ್ದನ್ನು ಹಿಂದಕ್ಕೂ ಕ್ಷುಲ್ಲಕವಾದದ್ದನ್ನು ಮುಂದಕ್ಕೂ ತಂದದ್ದೇಕೆ? ಹೊಟ್ಟೆಪಾಡಿನ ಗದ್ದಲದಲ್ಲಿ ದೇವರು ಮರೆಯಾಗುತ್ತಾನೆ ಎಂಬ ಎಚ್ಚರಿಕೆ ಇದು ಎನ್ನುವವರಿದ್ದಾರೆ. ಆ ಅರ್ಥ ಸರಿಯೇ, ಆದರೆ ನನ್ನ ಮಟ್ಟಿಗೆ ಅಷ್ಟೇ ಸಾಲದು. ಕೊಬ್ಬಿನ ಬಿಳುಪು ಕೆಂಪು ಮಾಂಸಕ್ಕೆ ಸರಿಯುವ ಅಂಚನ್ನು ನೋಡಿ. ಬರಿಯ ಉಪದೇಶಕ್ಕಾಗಿ ಕುಂಚ ಹಿಡಿದ ಕೈ ಅಲ್ಲ ಅದು. ಆ ಮಾಂಸವನ್ನು ಪ್ರೀತಿಯಿಂದ ದಿಟ್ಟಿಸಿದ ಕಣ್ಣು ಅದರ ಹಿಂದಿದೆ. ಈ ಎರಡೂ ಒಟ್ಟಿಗೆ ಇರುವುದರಿಂದಲೇ ಚಿತ್ರ ಇಷ್ಟು ಕಾಡುತ್ತದೆ. ಮುಂದೆ ವಸ್ತುಗಳನ್ನಷ್ಟೇ ಬರೆಯುವ ಚಿತ್ರಪ್ರಕಾರಕ್ಕೂ ದಾರಿ ತೆರೆದದ್ದು ಇಂಥ ಮುಂಭಾಗಗಳೇ.

ಅದೇ ಕಾಲದ ಫ್ಲೆಮಿಶ್ ಚಿತ್ರಕಾರ ಬ್ರೂಗೆಲ್ ಹಿಡಿದ ಹಾದಿ ಬೇರೆ. ಅವನ ರೇಖೆಗಳಿಂದ 1563ರಲ್ಲಿ ಜೋಡಿ ಮುದ್ರಣಚಿತ್ರಗಳು ಹೊರಬಂದವು: ಒಂದು ಕೊಬ್ಬಿದವರ ಅಡುಗೆಮನೆ, ಇನ್ನೊಂದು ಬಡಕಲರದು. ಅಲ್ಲಿ ದೇವರ ಕಥೆಯಿಲ್ಲ, ಹಸಿವಿನ ಲೆಕ್ಕವಿದೆ. ಉಂಡವರು ಬಡಕಲು ವಾದ್ಯಗಾರನನ್ನು ಬಾಗಿಲಿಂದಾಚೆ ಅಟ್ಟುತ್ತಾರೆ.

ಅಭ್ಯಾಸಕ್ಕೆ ಬೂಕೆಲಾರನ ‘ಬೆಂಕಿ’ಯನ್ನು ತೆಗೆದುಕೊಳ್ಳಿ. ಇದು 1570ರ ಚಿತ್ರ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಭೂಮಿ, ನೀರು, ಗಾಳಿ, ಬೆಂಕಿ ಎಂಬ ನಾಲ್ಕರ ಸಾಲಿಗೆ ಸೇರಿದ್ದು. ಮುಂದೆ ಕೋಳಿ, ಮಾಂಸ, ಕೆಲಸದಲ್ಲಿ ಮುಳುಗಿದ ಹೆಂಗಸರು. ಅವರನ್ನು ದಾಟಿ ಹಿಂದಿನ ಕೋಣೆಯವರೆಗೆ ಕಣ್ಣು ಹಾಯಿಸಿ, ಮಾರ್ಥ ಮರಿಯರನ್ನು ಅಲ್ಲಿ ಹುಡುಕಿ.